ಬಾಡಿಗೆ ಚೀಟಿಯೊಂದೇ ಸಾಲದು



ಅಮೆರಿಕದಂಥ ಸಿರಿವಂತ ದೇಶದಲ್ಲೂ ಬೀದಿಯಲ್ಲಿ ಮಲಗುವವರಿದ್ದಾರೆ. 2021ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಮನೆಯಿಲ್ಲದವರಿಗೂ ಮನೆ ಕಳೆದುಕೊಳ್ಳುವ ಭಯದಲ್ಲಿದ್ದವರಿಗೂ ಸುಮಾರು 70,000 ತುರ್ತು ಬಾಡಿಗೆ ಚೀಟಿಗಳನ್ನು ಮಂಜೂರು ಮಾಡಿತು. ಚೀಟಿ ಪಡೆದವರು ವರಮಾನದಲ್ಲಿ ನೂರಕ್ಕೆ ಸುಮಾರು 30ರಷ್ಟು ಬಾಡಿಗೆ ಕೊಟ್ಟರೆ, ಉಳಿದುದನ್ನು ಸರ್ಕಾರ ತುಂಬುತ್ತದೆ.

ಆದರೆ ಚೀಟಿ ಹೊದ್ದು ಮಲಗಲಾಗದು. ಗೊತ್ತಾದ ದಿನಗಳೊಳಗೆ ಒಪ್ಪುವ ಮನೆಮಾಲೀಕನನ್ನು ಹುಡುಕಬೇಕು. ಗುರುತಿನ ಪತ್ರವಿಲ್ಲದವರು, ಕಾಯಿಲೆಯವರು, ಮುದುಕರು ಎಲ್ಲಿಗೆಂದು ಅಲೆದಾರು? ಕಾಗದ ಒದಗಿಸಲು, ಮಾಲೀಕನೊಡನೆ ಮಾತಾಡಲು, ಮನೆ ಸಿಕ್ಕ ಮೇಲೆ ಆಸ್ಪತ್ರೆಯ ದಾರಿ ತೋರಿಸಲು ಜತೆಗೊಬ್ಬ ಕಾರ್ಯಕರ್ತ ಬೇಕು. ಮನೆಯಿಲ್ಲದ ಮಾಜಿ ಸೈನಿಕರಿಗೆ ಚೀಟಿಯನ್ನೂ ಕಾರ್ಯಕರ್ತನನ್ನೂ ಕೇಂದ್ರವೇ ಒದಗಿಸುತ್ತದೆ. ಉಳಿದವರ ಪಾಲಿಗೆ ಆ ಸಂಬಳದ ಹೊರೆ ಬಹುಮಟ್ಟಿಗೆ ಊರಿನ ಮೇಲೆ.

ಲಾಸ್ ಏಂಜಲೀಸ್ ಕೌಂಟಿಯ ಮತದಾರರು 2017ರಲ್ಲಿ ಇಂಥ ಕೆಲಸಗಳಿಗಾಗಿ ನೂರು ಡಾಲರ್ ವ್ಯಾಪಾರಕ್ಕೆ 25 ಸೆಂಟ್ ಮಾರಾಟ ತೆರಿಗೆ ಒಪ್ಪಿದರು. 2024ರಲ್ಲಿ ಅದರ ಬದಲು 50 ಸೆಂಟ್ ಒಪ್ಪಿದರು. ಆ ಜನರ ಕನಿಕರ ದೊಡ್ಡದು. ಆದರೆ ಮಾರಾಟ ತೆರಿಗೆಯ ಗುಣವನ್ನು ಅಂಗಡಿಕಾರ ಮಿತ್ರರಿಗೆ ನಾವು ಹೇಳಬೇಕೆ? ಕೂಲಿಕಾರನಿಗೂ ಕೋಟ್ಯಧೀಶನಿಗೂ ಒಂದೇ ದರ. ಬಡವನ ಸೂರಿಗೆ ಬಡವನೇ ತೊಲೆ ಹೊರಬೇಕೆ?

2025ರಲ್ಲಿ ಕೇಂದ್ರವು ತುರ್ತು ಚೀಟಿಗಳಿಗೆ ಇದೇ ಕೊನೆಯ ಕಂತೆಂದು ತಿಳಿಸಿತು. ಬಾಡಿಗೆಯೇ ನಿಂತರೆ ಕಾರ್ಯಕರ್ತನಾದರೂ ಏನು ಮಾಡಿಯಾನು?

ಬಾಡಿಗೆಗೂ ಸಂಬಳಕ್ಕೂ ಹಣ ಒಟ್ಟಿಗೇ ಬರಬೇಕು, ವರ್ಷವರ್ಷವೂ ಬರಬೇಕು, ಸಿರಿವಂತರ ಆದಾಯದ ಮೇಲಿನ ತೆರಿಗೆಯಿಂದ ಬರಬೇಕು. ಇದು ನಮ್ಮ ಮಾತು. ಕೊಟ್ಟ ಸೂರನ್ನು ಕಿತ್ತುಕೊಳ್ಳುವುದು ಕೊಡದೆ ಇರುವುದಕ್ಕಿಂತ ಕ್ರೂರ.