ವಸ್ತುವಿನ ರೂಪ, ತಯಾರಿಕೆಯ ಕ್ರಮ



ಕಾವ್ಯ, ಸಂಗೀತ, ಪುರಾಣ, ಇತಿಹಾಸಗಳನ್ನು ಆದರದಿಂದ ಕೇಳಿಕೊಂಡು ಬಂದಿರುವ ಈ ಉಪನ್ಯಾಸಮಾಲೆಯಲ್ಲಿ ಕಾರ್ಖಾನೆಯ ವಿಚಾರವನ್ನು ಕುರಿತು ಮಾತನಾಡಲು ಅವಕಾಶವಿತ್ತಿರುವುದಕ್ಕಾಗಿ ನಾನು ನಿಮಗೆ ಕೃತಜ್ಞನಾಗಿದ್ದೇನೆ. ಏಕೆಂದರೆ ಒಂದು ಊರಿನ ಜನ ಯಾವ ವಸ್ತುವನ್ನು ಮಾಡುತ್ತಾರೆ, ಅದನ್ನು ಯಾವ ಬಗೆಯಲ್ಲಿ ಮಾಡುತ್ತಾರೆ, ಮಾಡುವವರಿಗೆ ಅದರಿಂದ ಎಂತಹ ಬದುಕು ಲಭಿಸುತ್ತದೆ ಎಂಬ ಪ್ರಶ್ನೆಗಳು ಆ ಊರಿನ ಸಂಸ್ಕೃತಿಗೆ ಹೊರಗಿನವಲ್ಲ. ಉತ್ಪಾದನೆಯ ನಿರ್ವಹಣೆಯನ್ನು ಬೋಧಿಸುವ ಗ್ರಂಥಗಳು ಆರಂಭದಲ್ಲಿಯೇ ಎರಡು ಅಧ್ಯಾಯಗಳನ್ನು ಇಡುತ್ತವೆ: ವಸ್ತುವಿನ ರೂಪವನ್ನು ನಿಶ್ಚಯಿಸುವುದು ಒಂದು, ತಯಾರಿಕೆಯ ಕ್ರಮವನ್ನು ಆಯ್ದುಕೊಳ್ಳುವುದು ಮತ್ತೊಂದು. ಓದುವ ಅನುಕೂಲಕ್ಕಾಗಿ ಹೀಗೆ ಬೇರ್ಪಡಿಸಿದ ಈ ಎರಡು ನಿರ್ಧಾರಗಳು ವ್ಯವಹಾರದಲ್ಲಿ ಒಂದೇ ನಿರ್ಧಾರವೆಂಬುದನ್ನೂ, ಒಬ್ಬರು ರೂಪವನ್ನು ನಿಶ್ಚಯಿಸಿ ಮತ್ತೊಬ್ಬರು ಕ್ರಮವನ್ನು ಹೊರಬೇಕಾಗಿ ಬಂದಲ್ಲಿ ಕಷ್ಟನಷ್ಟಗಳು ತಲೆದೋರುತ್ತವೆಂಬುದನ್ನೂ ನಮ್ಮ ಬಳ್ಳಾರಿ ಜಿಲ್ಲೆಯ ಮೂರು ಕಸುಬುಗಳ ಮೂಲಕ ತೋರಿಸುವುದೇ ಇಂದಿನ ನನ್ನ ಉದ್ದೇಶ.

ಮೊದಲು ಶಾಸ್ತ್ರದ ಮಾತನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ತಯಾರಿಕೆಯ ಕ್ರಮಗಳನ್ನು ಸ್ಥೂಲವಾಗಿ ನಾಲ್ಕಾಗಿ ವಿಂಗಡಿಸುವುದು ರೂಢಿ. ಗಿರಾಕಿಯ ಮೈಯಳತೆಯನ್ನು ತೆಗೆದುಕೊಂಡು ಅವನೊಬ್ಬನಿಗಾಗಿ ಅಂಗಿ ಹೊಲಿದುಕೊಡುವ ದರ್ಜಿಯದು ಮೊದಲನೆಯ ಕ್ರಮ. ಒಂದೇ ಮಾದರಿಯ ನೂರಾರು ಉಡುಪುಗಳನ್ನು ಒಂದು ಕಂತಿನಲ್ಲಿ ಮಾಡಿ, ಅನಂತರ ಬೇರೆ ಮಾದರಿಗೆ ತೊಡಗುವುದು ಎರಡನೆಯದು. ವಸ್ತು ಒಬ್ಬ ಕೆಲಸಗಾರನಿಂದ ಮುಂದಿನವನಿಗೆ ಗೊತ್ತಾದ ಸಾಲಿನಲ್ಲಿ ಸಾಗುತ್ತ ಪೂರ್ಣವಾಗುವುದು ಮೂರನೆಯದು. ಹಗಲಿರುಳು ನಿಲ್ಲದೆ ಹರಿಯುವ ಉಕ್ಕಿನ ಕುಲುಮೆ, ಸಿಮೆಂಟಿನ ಗೂಡು ಇವು ನಾಲ್ಕನೆಯದಕ್ಕೆ ಸೇರುತ್ತವೆ. ಮೊದಲನೆಯದರಲ್ಲಿ ವೈವಿಧ್ಯಕ್ಕೆ ಮಿತಿಯಿಲ್ಲ, ಆದರೆ ಬೆಲೆ ಹೆಚ್ಚು. ಕೊನೆಯದರಲ್ಲಿ ಬೆಲೆ ಇಳಿಯುತ್ತದೆ, ಆದರೆ ರೂಪವನ್ನು ಬದಲಿಸುವ ಸ್ವಾತಂತ್ರ್ಯ ಇಲ್ಲವಾಗುತ್ತದೆ. 1979ರಲ್ಲಿ ಅಮೆರಿಕದ ರಾಬರ್ಟ್ ಹೇಯ್ಸ್ ಮತ್ತು ಸ್ಟೀವನ್ ವೀಲ್‌ರೈಟ್ ಎಂಬ ವಿದ್ವಾಂಸರು ಈ ಸಂಬಂಧವನ್ನು ಒಂದು ಕೋಷ್ಟಕದಲ್ಲಿ ನಿರೂಪಿಸಿ, ವಸ್ತುವಿನ ಸ್ವರೂಪಕ್ಕೆ ಹೊಂದದ ಕ್ರಮವನ್ನು ಹಿಡಿದ ಉದ್ಯಮವು ಹಾನಿಗೆ ದಾರಿಮಾಡಿಕೊಡುತ್ತದೆಂದು ವಿವರಿಸಿದರು. ಕೋಷ್ಟಕವನ್ನು ನೋಡದೆಯೇ ಈ ತತ್ತ್ವವನ್ನು ಬಲ್ಲವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ.

ಸಿರುಗುಪ್ಪದ ಅಕ್ಕಿ ಗಿರಣಿಗಳನ್ನು ನೋಡಿ. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಕಾಲುವೆಗಿಳಿದ ಮೇಲೆ ಜೋಳ, ಹತ್ತಿಗಳ ಈ ಸೀಮೆಯಲ್ಲಿ ಭತ್ತ ನೆಲೆಯೂರಿತು. ಭತ್ತದ ಹಿಂದೆ ಗಿರಣಿಗಳು ಬಂದವು. ಗಿರಣಿಯೊಳಗೆ ಭತ್ತವು ಮಣ್ಣುಕಲ್ಲು ಕಳೆದುಕೊಂಡು, ರಬ್ಬರ್ ರೋಲುಗಳ ನಡುವೆ ಹೊಟ್ಟು ಬಿಟ್ಟು, ಪಾಲಿಷ್ ಯಂತ್ರದಲ್ಲಿ ತೌಡನ್ನು ತೊರೆದು, ನುಚ್ಚಿನಿಂದ ಬೇರೆಯಾಗಿ, ಕೊನೆಗೆ ಕಪ್ಪು ಕಾಳನ್ನು ಬೆಳಕಿನಿಂದ ಗುರುತಿಸಿ ಗಾಳಿಯಿಂದ ಹಾರಿಸುವ ಸಾರ್ಟೆಕ್ಸ್ ಯಂತ್ರವನ್ನು ದಾಟಿ ಚೀಲಕ್ಕೆ ಬೀಳುತ್ತದೆ. ಇಲ್ಲಿ ಕ್ರಮವು ಸ್ಥಿರವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಹೊಸ ಸೋನಾ ಮಸೂರಿಯ ಅನ್ನ ಮುದ್ದೆಯಾಗುತ್ತದೆ, ಉಣ್ಣುವವರಿಗೆ ಅಗುಳು ಅಗುಳಾಗಿ ಬಿಡಿಸಿಕೊಳ್ಳುವ ಅನ್ನ ಬೇಕು. ವರ್ಷಗಟ್ಟಲೆ ದಾಸ್ತಾನು ಮಾಡಿ ಹಳೆಯದಾಗಿಸುವಷ್ಟು ಬಂಡವಾಳ ಎಲ್ಲರಿಗೂ ಇಲ್ಲವಾದ್ದರಿಂದ, ಭತ್ತಕ್ಕೆ ಸ್ವಲ್ಪ ಹೊತ್ತು ಹಬೆ ಕೊಟ್ಟು ಒಣಗಿಸಿ ಅನಂತರ ಗಿರಣಿಗೆ ಹಾಕುವ ಸ್ಟೀಮ್ ಅಕ್ಕಿಯ ಪದ್ಧತಿ ಬಂದಿತು. ಹಬೆಗೆ ಬೇಕಾದ ಉರುವಲಾದರೋ ಭತ್ತದ ತೂಕದ ಐದನೆಯ ಒಂದು ಪಾಲಿನಷ್ಟು ಬರುವ ಅದೇ ಹೊಟ್ಟು. ಉಣ್ಣುವವನ ಎಲೆಯ ಮೇಲೆ ಅನ್ನ ಹೇಗಿರಬೇಕೆಂಬುದು ರೂಪದ ಪ್ರಶ್ನೆ. ಬಾಯ್ಲರಿಗೆ ಏನು ಹಾಕಬೇಕೆಂಬುದು ಕ್ರಮದ ಪ್ರಶ್ನೆ. ಎರಡಕ್ಕೂ ಒಂದೇ ಸೂರಿನ ಕೆಳಗೆ ಉತ್ತರ ದೊರೆತದ್ದರಿಂದ ಆ ಕಸುಬು ನಿಂತಿದೆ.

ಎರಡನೆಯ ನಿದರ್ಶನ ಉಕ್ಕಿನದು. ಕಬ್ಬಿಣದ ಅದಿರು ಕನ್ನಡನಾಡಿನಲ್ಲಿ ಹೇರಳವಾಗಿದೆ, ಕೋಕ್ ಮಾಡಲು ತಕ್ಕ ಕಲ್ಲಿದ್ದಲಾದರೋ ಇಲ್ಲ. ಊದುಕುಲುಮೆಗೆ ಕೋಕ್ ಶಾಖವನ್ನು ಕೊಡುತ್ತದೆ, ಅದಿರಿನಿಂದ ಆಮ್ಲಜನಕವನ್ನು ಬಿಡಿಸುತ್ತದೆ, ಮೇಲಿನ ಭಾರವನ್ನೂ ಹೊರುತ್ತದೆ. ಈ ಕೊರತೆಗೆ ಮೊದಲ ಉತ್ತರ ಭದ್ರಾವತಿಯಲ್ಲಿ ದೊರೆಯಿತು. ವಿಶ್ವೇಶ್ವರಯ್ಯನವರ ದೂರದೃಷ್ಟಿಯಿಂದ ರೂಪುಗೊಂಡು 1923ರಲ್ಲಿ ಉತ್ಪಾದನೆಯನ್ನಾರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯು ಮಲೆನಾಡಿನ ಮರದಿಂದ ಇದ್ದಿಲನ್ನು ಮಾಡಿ ಕುಲುಮೆಗೆ ಹಾಕಿತು. ಮರವನ್ನು ಬಟ್ಟಿಯಿಳಿಸುವಾಗ ದೊರೆತ ಮದ್ಯಸಾರ, ಡಾಂಬರು ಮೊದಲಾದವನ್ನೂ ವ್ಯರ್ಥ ಮಾಡಲಿಲ್ಲ. ನಮ್ಮ ತೋರಣಗಲ್ಲಿನಲ್ಲಿ 1971ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಉಕ್ಕಿನ ಕಾರ್ಖಾನೆಗೆ ಅಡಿಗಲ್ಲನ್ನಿಟ್ಟರು. ಬಹುಕಾಲದ ನಿರೀಕ್ಷೆಯ ಅನಂತರ ಖಾಸಗಿ ಬಂಡವಾಳದಿಂದ ಅಲ್ಲಿ ಕಾರ್ಖಾನೆ ಎದ್ದಾಗ, 1999ರಲ್ಲಿ ಕೋರೆಕ್ಸ್ ಎಂಬ ಹೊಸ ವಿಧಾನವನ್ನು ಭಾರತದಲ್ಲಿ ಮೊದಲ ಬಾರಿಗೆ ಬಳಸಿದರು. ಕೋಕ್ ಆಗದ ಸಾಮಾನ್ಯ ಕಲ್ಲಿದ್ದಲನ್ನೇ ಕುಲುಮೆಯೊಳಗೆ ಅನಿಲವಾಗಿಸಿ, ಆ ಅನಿಲದಿಂದ ಅದಿರನ್ನು ಅಪಕರ್ಷಿಸಿ, ಮಿಕ್ಕ ಅನಿಲವನ್ನು ವಿದ್ಯುತ್ತಿಗೆ ಬಳಸುವ ವಿಧಾನವದು. ಅದಕ್ಕೂ ತನ್ನದೇ ಹಟವಿದೆ: ಪುಡಿ ಅದಿರನ್ನು ಅದು ಹಾಗೆಯೇ ಒಲ್ಲದು, ಗಟ್ಟಿಯನ್ನೋ ಉಂಡೆಯನ್ನೋ ಬೇಡುತ್ತದೆ. ಕಾರ್ಖಾನೆ ಬೆಳೆದಂತೆ ಅದರ ಪಕ್ಕದಲ್ಲಿಯೇ ಊದುಕುಲುಮೆಗಳೂ ಎದ್ದವು, ಅವಕ್ಕೆ ಬೇಕಾದ ಕಲ್ಲಿದ್ದಲು ಹಡಗಿನಲ್ಲಿ ಬರತೊಡಗಿತು. ಭದ್ರಾವತಿಗೂ ತೋರಣಗಲ್ಲಿಗೂ ಮುಕ್ಕಾಲು ಶತಮಾನದ ಅಂತರವಿದ್ದರೂ ಎರಡೂ ಕಡೆ ಕೇಳಲ್ಪಟ್ಟ ಪ್ರಶ್ನೆ ಒಂದೇ: ಈ ನೆಲ ಏನನ್ನು ಕೊಟ್ಟಿದೆ, ಏನನ್ನು ಕೊಟ್ಟಿಲ್ಲ?

ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ನಮ್ಮ ಊರಿನ ಜೀನ್ಸ್ ಉದ್ಯಮಕ್ಕೆ ಬರೋಣ. ಇಂದಿನ ಮಾತಿನ ತಿರುಳು ಇಲ್ಲಿಯೇ ಇದೆ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರ ಸಮವಸ್ತ್ರಗಳನ್ನು ಹೊಲಿಯುವುದಕ್ಕಾಗಿ ಮರಾಠಿ ಮಾತಿನ ದರ್ಜಿಗಳು ಬಳ್ಳಾರಿಯ ದಂಡಿಗೆ ಬಂದು ನೆಲೆಸಿದರೆಂದೂ, ದಂಡಿನ ಕೆಲಸ ಮುಗಿದ ಮೇಲೆ ಅವರ ಕೈ ಸಿದ್ಧ ಉಡುಪುಗಳತ್ತ ತಿರುಗಿತೆಂದೂ ಈ ಕಸುಬಿನವರು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ದಪ್ಪ ಬಟ್ಟೆಯನ್ನು ಬಿಗಿಯಾಗಿ ಹೊಲಿಯುವ ಅಭ್ಯಾಸ ಆ ಕೈಗಳಿಗೆ ಮೊದಲೇ ಇದ್ದುದರಿಂದ ಜೀನ್ಸ್ ಬಂದಾಗ ಅದು ಅಪರಿಚಿತವೆನಿಸಲಿಲ್ಲ. ಆ ಉಡುಪಿನ ಜನ್ಮವೃತ್ತಾಂತವೂ ನಮ್ಮ ವಿಷಯಕ್ಕೆ ಪುಷ್ಟಿ ಕೊಡುತ್ತದೆ. ಅಮೆರಿಕದ ರೀನೋ ಪಟ್ಟಣದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿ ಕೂಲಿಗಾರರ ಷರಾಯಿಗಳ ಜೇಬು ಪದೇ ಪದೇ ಕಿತ್ತುಹೋಗುವುದನ್ನು ಕಂಡು ಮೂಲೆಗಳಿಗೆ ತಾಮ್ರದ ರಿವೆಟ್ ಬಡಿದನು. ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್‌ನೊಡನೆ ಸೇರಿ 1873ರ ಮೇ 20ರಂದು ಅದಕ್ಕೆ ಪೇಟೆಂಟ್ ಪಡೆದನು. ಲೋಕವೆಲ್ಲ ಧರಿಸುವ ಉಡುಪಿನ ಮುಖ್ಯ ಲಕ್ಷಣವನ್ನು ಕಂಡುಹಿಡಿದವನು ಸೂಜಿ ಹಿಡಿದು ಕೂತವನೇ ಎಂಬುದನ್ನು ನಾವು ಮರೆಯಬಾರದು.

ಬಳ್ಳಾರಿಯಲ್ಲಿ ಒಂದು ಪ್ಯಾಂಟು ಹುಟ್ಟುವ ಬಗೆಯನ್ನು ಹತ್ತಿರದಿಂದ ನೋಡೋಣ. ಅಹಮದಾಬಾದಿನಂತಹ ದೂರದ ಊರುಗಳ ಗಿರಣಿಗಳಿಂದ ಬಂದ ಡೆನಿಮ್ ಥಾನುಗಳನ್ನು ಉದ್ದನೆಯ ಮೇಜಿನ ಮೇಲೆ ಪದರ ಪದರವಾಗಿ ಹಾಸಿ, ರಟ್ಟಿನ ಪ್ಯಾಟರ್ನ್‌ಗಳನ್ನಿಟ್ಟು ಸೀಮೆಸುಣ್ಣದಿಂದ ಗೆರೆಯೆಳೆದು, ಕಟಿಂಗ್ ಮಾಸ್ಟರ್ ನೇರ ಅಲುಗಿನ ಯಂತ್ರವನ್ನು ಗೆರೆಯ ಗುಂಟ ನಡೆಸುತ್ತಾನೆ. ಕತ್ತರಿಸಿದ ಪ್ರತಿಯೊಂದು ತುಂಡಿಗೂ ಪದರದ ಸಂಖ್ಯೆಯ ಚಿಕ್ಕ ಸ್ಟಿಕ್ಕರ್ ಅಂಟಿಸಿ ಬಂಡಲ್ ಕಟ್ಟುತ್ತಾರೆ. ಹೊರಗಿನವನಿಗೆ ಇದು ಅತಿಯಾದ ಎಚ್ಚರಿಕೆಯೆನಿಸಬಹುದು. ಆದರೆ ಒಂದು ಥಾನಿನ ನೀಲಿ ಮತ್ತೊಂದರ ನೀಲಿಯಲ್ಲ, ಎಡಗಾಲು ಒಂದು ಪದರದಿಂದಲೂ ಬಲಗಾಲು ಮತ್ತೊಂದರಿಂದಲೂ ಬಂದರೆ ಹೊಲಿದಾಗ ಕಾಣದ ಭೇದ ವಾಷಿಂಗ್ ಆದ ಮೇಲೆ ಎದ್ದು ಕಾಣುತ್ತದೆ. ಆಮೇಲೆ ಬಂಡಲ್‌ಗಳು ಜಾಬ್ ವರ್ಕಿನ ಹೊಲಿಗೆಯ ಶೆಡ್ಡುಗಳಿಗೂ ಮನೆಗಳಿಗೂ ಹೋಗುತ್ತವೆ; ಕಾಜಾ ಗುಂಡಿ ಒಂದು ಕಡೆ, ವಾಷಿಂಗ್ ಮತ್ತೊಂದು ಕಡೆ; ಉಳಿದ ದಾರದ ಎಳೆಗಳನ್ನು ಕತ್ತರಿಸುವ ಕೆಲಸ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಕೈಗೆ. ಇದು ನಾನು ಮೊದಲು ಹೇಳಿದ ಎರಡನೆಯ ಕ್ರಮ, ಕಂತಿನ ಕ್ರಮ. ಅದೂ ಊರಿಡೀ ಹರಡಿಕೊಂಡ ಕಂತಿನ ಕ್ರಮ. ಅಲ್ಪ ಬಂಡವಾಳದವನೂ ಇದರಲ್ಲಿ ಪ್ರವೇಶಿಸಬಹುದು. ಮಾದರಿ ಬದಲಾದರೆ ದೊಡ್ಡ ಕಾರ್ಖಾನೆಗಿಂತ ಬೇಗ ಹೊರಳಬಹುದು. ಚಂಚಲವಾದ ಉಡುಪಿನ ಮಾರುಕಟ್ಟೆಗೆ ಇದು ಸರಿಯಾದ ಆಯ್ಕೆಯೆಂದೇ ಹೇಳಬೇಕು.

ಕೊರತೆ ಇರುವುದು ಬೇರೆಡೆ. ಪ್ಯಾಂಟಿನ ರೂಪ ಇಲ್ಲಿ ಹುಟ್ಟುವುದು ಅಪರೂಪ. ಹೆಸರಾದ ಬ್ರಾಂಡಿನ ಒಂದು ಪ್ಯಾಂಟನ್ನೋ ಪಟ್ಟಣದ ವ್ಯಾಪಾರಿ ಕಳಿಸಿದ ಚಿತ್ರವನ್ನೋ ಮುಂದಿಟ್ಟುಕೊಂಡು ಅದರಂತೆ ಮಾಡುವುದೇ ವಾಡಿಕೆ. ರೂಪದಲ್ಲಿ ಮಾಡಿದ ಪ್ರತಿಯೊಂದು ಸಣ್ಣ ಸೇರ್ಪಡೆಯೂ ಕ್ರಮದಲ್ಲಿ ಒಂದು ಹೊಸ ಹೆಜ್ಜೆಯಾಗುತ್ತದೆ: ಹೆಚ್ಚಿನ ಒಂದು ಜೇಬು ಎಂದರೆ ಇನ್ನಷ್ಟು ಹೊಲಿಗೆ, ತೊಡೆಯ ಮೇಲಿನ ಬಿಳಿಚಿದ ಛಾಯೆ ಎಂದರೆ ಉಜ್ಜುವ ಇನ್ನೊಬ್ಬ ಆಳು, ಮಾಸಿದ ನೀಲಿ ಎಂದರೆ ಇನ್ನೊಂದು ಸುತ್ತು ನೀರು. ಡೆನಿಮ್‌ನಲ್ಲಿ ನೀಲಿಯ ಬಣ್ಣ ಉದ್ದನೆಯ ಎಳೆಗಳ ಹೊರಮೈಗೆ ಮಾತ್ರ ಹತ್ತಿರುತ್ತದೆ, ಒಳತಿರುಳು ಬಿಳಿಯಾಗಿಯೇ ಉಳಿದಿರುತ್ತದೆ. ಆದ್ದರಿಂದಲೇ ಪ್ಯೂಮಿಸ್ ಕಲ್ಲು ಉಜ್ಜಿದಾಗ, ಎಂಜೈಮ್ ಕೊರೆದಾಗ, ಬ್ಲೀಚ್ ತಾಕಿದಾಗ ಆ ಮೋಹಕವಾದ ಮಾಸಲು ಬರುತ್ತದೆ. ಅದಕ್ಕೆ ತೆತ್ತ ಬೆಲೆಯೇ ವಾಷಿಂಗ್ ಘಟಕದಿಂದ ಹೊರಬೀಳುವ ನೀಲಿ ನೀರು. ಮಳೆ ವಿರಳವಾದ, ಬೇಸಗೆಯಲ್ಲಿ ಕುಡಿಯುವ ನೀರನ್ನೂ ಎಣಿಸಿ ಬಳಸಬೇಕಾದ ಊರಿನಲ್ಲಿ, ಎಲ್ಲಿಯೋ ಕುಳಿತ ಯಾವನೋ ಇಷ್ಟಪಟ್ಟ ಒಂದು ಛಾಯೆಗಾಗಿ ನೀರು ಹರಿಯುತ್ತಿದೆ. ಈ ನೆಲ ಏನನ್ನು ಕೊಟ್ಟಿದೆ, ಏನನ್ನು ಕೊಟ್ಟಿಲ್ಲವೆಂದು ಭದ್ರಾವತಿಯಲ್ಲಿಯೂ ತೋರಣಗಲ್ಲಿನಲ್ಲಿಯೂ ಕೇಳಿದ ಪ್ರಶ್ನೆಯನ್ನು ಇಲ್ಲಿ ಯಾರೂ ಕೇಳಲಿಲ್ಲ. ಕೇಳಲು ರೂಪವನ್ನು ನಿಶ್ಚಯಿಸುವ ಅಧಿಕಾರ ನಮ್ಮ ಕೈಯಲ್ಲಿ ಇರಲಿಲ್ಲ.

ಇನ್ನೂ ಒಂದು ಸೂಕ್ಷ್ಮವಿದೆ. ವಾಷಿಂಗ್‌ನಲ್ಲಿ ಬಟ್ಟೆ ಕುಗ್ಗುತ್ತದೆ, ಥಾನಿನಿಂದ ಥಾನಿಗೆ ಕುಗ್ಗುವ ಪ್ರಮಾಣವೂ ಬೇರೆಯಾಗುತ್ತದೆ. ಮೂವತ್ತೆರಡರ ಸೊಂಟ ಮೂವತ್ತೆರಡೇ ಆಗಿ ಹೊರಬರಬೇಕಾದರೆ, ಕತ್ತರಿಸುವ ಮೊದಲೇ ಬಟ್ಟೆಯ ತುಣುಕನ್ನು ತೊಳೆದು ನೋಡಿ ಅಷ್ಟು ಹೆಚ್ಚಿಗೆ ಪ್ಯಾಟರ್ನಿನಲ್ಲಿ ಸೇರಿಸಬೇಕು. ಕೊನೆಯ ಕೆಲಸವು ಮೊದಲ ಗೆರೆಯನ್ನು ಹೀಗೆ ಆಳುತ್ತದೆ. ವಾಷಿಂಗ್‌ನವನ ಅನುಭವ ಪ್ಯಾಟರ್ನ್ ಮಾಡುವವನಿಗೆ ತಲುಪದಿದ್ದರೆ ಅಳತೆ ತಪ್ಪಿದ ಮಾಲು ತಿರುಗಿ ಬರುತ್ತದೆ. ನಷ್ಟವು ಬಡ ಜಾಬ್ ವರ್ಕಿನವನ ಕೂಲಿಯಲ್ಲಿ ಮುರಿಯಲ್ಪಡುತ್ತದೆ.

ಆದ್ದರಿಂದ ನನ್ನ ವಿನಂತಿ ಇಷ್ಟೆ. ಬಳ್ಳಾರಿಗೆ ಜೀನ್ಸ್ ಪಾರ್ಕ್ ಬೇಕೆಂಬ ಮಾತು ಕೆಲವು ವರ್ಷಗಳಿಂದ ಕೇಳಿಬರುತ್ತಿದೆ, ಬರಲಿ, ಸಂತೋಷ. ಆದರೆ ನಿವೇಶನ, ಶೆಡ್ಡು, ರಸ್ತೆಗಳ ಜೊತೆಗೆ ನೀರನ್ನು ಶುದ್ಧೀಕರಿಸಿ ಮತ್ತೆ ಬಳಸುವ ಸಾಮೂಹಿಕ ವ್ಯವಸ್ಥೆಯೂ, ಅದಕ್ಕಿಂತ ಮೊದಲು ಮಾದರಿಗಳನ್ನು ರೂಪಿಸುವ ಒಂದು ಕೋಣೆಯೂ ಅದರಲ್ಲಿರಲಿ. ಆ ಕೋಣೆಯಲ್ಲಿ ಕಟಿಂಗ್ ಮಾಸ್ಟರ್, ಹೊಲಿಯುವವರು, ವಾಷಿಂಗ್‌ನವರು, ವ್ಯಾಪಾರಿ, ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ತರುಣ ತರುಣಿಯರು ಒಟ್ಟಿಗೆ ಕುಳಿತು, ಪ್ರತಿಯೊಂದು ಮಾದರಿಯನ್ನು ಒಪ್ಪುವ ಮೊದಲು ಎಷ್ಟು ಹೊಲಿಗೆ, ಎಷ್ಟು ನೀರು, ಎಷ್ಟು ಕೂಲಿ ಎಂದು ಕೇಳಲಿ. ಬಳ್ಳಾರಿಯ ಬಿಸಿಲಿಗೆ ಹಗುರವಾದ ಡೆನಿಮ್ ಹಿತ. ಹೆಚ್ಚು ತೊಳೆಯದ ಗಾಢ ನೀಲಿಯೂ ಚೆಲುವೇ. ಈ ಎರಡನ್ನು ಸೇರಿಸಿದ ಒಂದು ಉಡುಪು ಈ ಊರಿನಲ್ಲಿ ರೂಪುಗೊಂಡು, ಈ ಊರಿನ ಹೆಸರನ್ನೇ ತನ್ನ ಪಟ್ಟಿಯ ಮೇಲೆ ಧರಿಸಿ ಮಾರುಕಟ್ಟೆಗೆ ಹೋಗಬಾರದೇಕೆ? ರೀನೋ ಪಟ್ಟಣದ ದರ್ಜಿಗೆ ಇದ್ದ ಬುದ್ಧಿ ನಮ್ಮ ದರ್ಜಿಗಳಿಗೂ ಇದೆ. ಅವರಿಗೆ ಇಲ್ಲದಿರುವುದು ರೂಪವನ್ನು ನಿಶ್ಚಯಿಸುವ ಮೇಜಿನ ಬಳಿ ಒಂದು ಪೀಠ. ಅದನ್ನು ಕೊಡುವುದು ಉದ್ಯಮಿಗಳ ಕರ್ತವ್ಯ. ಕೊಡಿರೆಂದು ಕೇಳುವುದು ನಮ್ಮಂತಹ ನಾಗರಿಕರ ಕರ್ತವ್ಯ.