ವೆಸ್ಟ್‌ಮಿನ್‌ಸ್ಟರಿನ ಬಾಗಿಲುಗಳು



ಲಂಡನ್ ನಗರದಲ್ಲಿ ಕಂಡ ಪಾರ್ಲಿಮೆಂಟು ಮಂದಿರವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರ ಅಪ್ಪಣೆಯಾಗಿರುವುದು. ಥೇಮ್ಸ್ ನದಿಯ ದಡದ ಆ ಸೌಧದ ಗೋಪುರವನ್ನೂ ಗಡಿಯಾರವನ್ನೂ ತಾವು ಚಿತ್ರಗಳಲ್ಲಿ ನೋಡಿಯೇ ಇರುವಿರಿ. ಎದುರು ದಡದಲ್ಲಿ 2015ರಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯ ವಿಷಯವೂ ತಮಗೆ ತಿಳಿದುದೇ. ಆದುದರಿಂದ ಹೊರಗಿನ ವರ್ಣನೆಯನ್ನು ಬಿಟ್ಟು ಒಳಗಿನ ಬಾಗಿಲುಗಳ ಮಾತನ್ನೇ ಹೇಳುವೆನು.

ಹಣ ತೆತ್ತು ಚೀಟಿ ಪಡೆದ ಯಾತ್ರಿಕನನ್ನು ಮೊದಲು ಬರಮಾಡಿಕೊಳ್ಳುವುದು ವೆಸ್ಟ್‌ಮಿನ್‌ಸ್ಟರ್ ಹಾಲ್ ಎಂಬ ಪುರಾತನ ಚಾವಡಿ. 1097ರಲ್ಲಿ ಆರಂಭವಾದ ಕಟ್ಟಡವಿದು. 1834ರ ಅಗ್ನಿಪ್ರಳಯದಲ್ಲಿ ಅರಮನೆಯು ಬಹುಮಟ್ಟಿಗೆ ಬೂದಿಯಾದರೂ ಇದು ಉಳಿದುಕೊಂಡಿತು. ಆ ಬೆಂಕಿಗೆ ಕಾರಣ ಶತ್ರುವಲ್ಲ. ಸರಕಾರದ ಹಳೆಯ ಲೆಕ್ಕದ ಕಡ್ಡಿಗಳನ್ನು ಒಲೆಗೆ ಮಿತಿಮೀರಿ ತುರುಕಿದ ನೌಕರರು! ಮೆಟ್ಟಿಲ ಮೇಲಣ ಒಂದು ಹಿತ್ತಾಳೆಯ ಫಲಕವು, 1649ರಲ್ಲಿ ಒಂದನೆಯ ಚಾರ್ಲ್ಸ್ ಅರಸನು ವಿಚಾರಣೆಗೆ ಗುರಿಯಾದ ಸ್ಥಳವನ್ನು ತೋರಿಸುತ್ತದೆ. ನಮ್ಮ ದೇಶದಲ್ಲಿ ನಡೆಸಿದ ಅನ್ಯಾಯಗಳಿಗಾಗಿ ವಾರನ್ ಹೇಸ್ಟಿಂಗ್ಸನ ವಿಚಾರಣೆಯೂ ಇಲ್ಲಿಯೇ 1788ರಲ್ಲಿ ತೊಡಗಿತು. ಏಳು ವರ್ಷಗಳ ವಾಗ್ವೈಖರಿಯಾದ ಮೇಲೆ ಆತನು ನಿರ್ದೋಷಿಯೆಂದು ಬಿಡುಗಡೆ ಹೊಂದಿದನು.

ಅಲ್ಲಿಂದ ಪ್ರಜಾಪ್ರತಿನಿಧಿಗಳ ಸಭೆಗೆ ಹೋಗುವೆವು. ಅದೇ ಚಾರ್ಲ್ಸನು 1642ರಲ್ಲಿ ಆಯುಧಪಾಣಿಗಳೊಡನೆ ಬಂದು ಐವರು ಸದಸ್ಯರನ್ನು ಹಿಡಿಯಹೋಗಿ ಬರಿಗೈಯಲ್ಲಿ ಹಿಂದಿರುಗಿದನು. ಅಂದಿನಿಂದ ಸಭೆ ಕೂಡಿರುವಾಗ ಯಾವ ಅರಸನೂ ಅದರೊಳಗೆ ಕಾಲಿರಿಸಿಲ್ಲ. ಅಧಿವೇಶನವನ್ನು ಅರಸರು ಉದ್ಘಾಟಿಸುವ ದಿನ ಕರೆಯಲು ಬರುವ ದೂತರ ಮುಖದೆದುರಿಗೇ ಬಾಗಿಲನ್ನು ಮುಚ್ಚುವರು. ಕರಿಯ ಕೋಲಿನಿಂದ ಮೂರು ಸಲ ಬಡಿದ ಮೇಲೆಯೇ ತೆರೆಯುವರು. ಇದನ್ನು ಬರಿಯ ಆಟವೆನ್ನುವವರುಂಟು. ನನಗೆ ಹಾಗೆ ತೋರದು. ಮರೆಯಬಾರದುದನ್ನು ಮೈಗೆ ಕಲಿಸುವ ರೀತಿಯದು.

1941ರ ಬಾಂಬುಗಳಿಗೆ ನಾಶವಾಗಿ 1950ರಲ್ಲಿ ಮತ್ತೆ ತೆರೆದ ಈ ಸಭಾಗೃಹದ ಪ್ರವೇಶದ್ವಾರಗಳು ಭಾರತ ಮತ್ತು ಪಾಕಿಸ್ತಾನಗಳ ಕಾಣಿಕೆಗಳು. ಶತಮಾನಗಳ ಕಾಲ ತಮ್ಮ ಹಣೆಬರಹವನ್ನು ತಮ್ಮನ್ನು ಕೇಳದೆಯೇ ಬರೆದ ಮನೆಗೆ ಬಿಡುಗಡೆ ಪಡೆದವರು ಬಾಗಿಲನ್ನಿತ್ತರು! ಒಳಗೆ 650 ಸದಸ್ಯರಿಗೆ 427 ಆಸನಗಳು ಮಾತ್ರ. ಮನೆಯು ಕಿಕ್ಕಿರಿದಾಗಲೇ ಚರ್ಚೆಗೆ ಕಳೆ ಬರುವುದೆಂದು ಚರ್ಚಿಲ್ ಮೊದಲಾದವರು ಬೇಕೆಂದೇ ಕಿರಿದಾಗಿ ಕಟ್ಟಿಸಿದರು. ಯಾತ್ರಿಕನು ಹಸುರು ಪೀಠಗಳ ನಡುವೆ ನಡೆಯಬಹುದು, ಕುಳ್ಳಿರಲಾಗದು.

ಆದರೆ ನನ್ನ ಮನಸ್ಸು ನೆಟ್ಟುದು ನೆಲಮಾಳಿಗೆಯ ಪ್ರಾರ್ಥನಾಮಂದಿರದ ಸಣ್ಣದೊಂದು ಬಾಗಿಲಿನ ಕಥೆಯಲ್ಲಿ. 1911ರ ಏಪ್ರಿಲ್ 2ರ ರಾತ್ರಿ ಜನಗಣತಿ ನಡೆಯಿತು. ಆಗ ಸ್ತ್ರೀಯರಿಗೆ ಪಾರ್ಲಿಮೆಂಟಿನ ಮತದ ಹಕ್ಕಿರಲಿಲ್ಲ. ಎಮಿಲಿ ವೈಲ್ಡಿಂಗ್ ಡೇವಿಸನ್ ಎಂಬಾಕೆಯು ಅಲ್ಲಿಯ ಪೊರಕೆಗಳನ್ನಿಡುವ ಕಪಾಟಿನಲ್ಲಿ ಅಡಗಿ ಕುಳಿತಳು. ತನ್ನ ವಾಸಸ್ಥಳ ಪಾರ್ಲಿಮೆಂಟೇ ಎಂದು ಆ ರಾತ್ರಿಯ ಲೆಕ್ಕದಲ್ಲಿ ಬರೆಯಿಸಬೇಕೆಂಬುದೇ ಆಕೆಯ ಛಲ, ಹಾಗೆಯೇ ಬರೆಯಿಸಿದಳು. ಎರಡು ವರ್ಷಗಳ ಮೇಲೆ ಎಪ್ಸಮ್ ಪಂದ್ಯದಲ್ಲಿ ಅರಸನ ಕುದುರೆಗೆ ಅಡ್ಡಬಂದು ಮಡಿದಳು. ಪುರುಷರಿಗೆ ಸಮನಾದ ಮತಾಧಿಕಾರ ಸ್ತ್ರೀಯರಿಗೆ ದೊರೆತುದು 1928ರಲ್ಲಿ. ಕರಿಯ ಕೋಲಿನ ಪದವಿಗೆ ಮೊದಲ ಸಲ ಓರ್ವ ಮಹಿಳೆ ಬಂದುದು 2018ರಲ್ಲಿ. ಪೊರಕೆಯ ಕಪಾಟಿಗೆ ಡೇವಿಸನ್ನಳ ನೆನಪಿನ ಫಲಕವನ್ನು 1991ರಲ್ಲಿ ಟೋನಿ ಬೆನ್ ಎಂಬ ಸದಸ್ಯರು ತಾವೇ ನಿಂತು ಹಾಕಿದರು.