ಹವ್ಯಾಸಿ ಬಾನುಲಿ: ರಿಪೀಟರಿನಿಂದ ಆಚೆಗೆ

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಹಗರೆ ಎಂಬ ನಮ್ಮ ಊರು ಸಿಕ್ಕುತ್ತದೆ. ಹಳೇಬೀಡಿಗೆ ಹೋಗತಕ್ಕವರು ಅಲ್ಲಿಂದ ಬಲಕ್ಕೆ ತಿರುಗಬೇಕು. ಬಸ್ಸು ಬದಲಾಯಿಸುವವರು ಇಳಿಯುತ್ತಾರೆ, ಒಂದು ಲೋಟ ಕಾಫಿ ಕುಡಿಯುತ್ತಾರೆ, ಮುಂದಿನ ಬಸ್ಸು ಹಿಡಿಯುತ್ತಾರೆ. ಹಗರೆಯ ಬಸ್ ನಿಲ್ದಾಣವನ್ನೇ ಹಳೇಬೀಡಿನ ದೇವಾಲಯವೆಂದು ತಿಳಿದು, ಕೈಮುಗಿದು ಹಿಂದಿರುಗಿದ ಯಾತ್ರಿಕನನ್ನು ನಾನು ಇದುವರೆಗೆ ಕಂಡಿಲ್ಲ. ಆದರೆ ಹವ್ಯಾಸಿ ಬಾನುಲಿಯ ಪ್ರಪಂಚದಲ್ಲಿ ಇಂಥ ಯಾತ್ರಿಕರು ಬಹುಮಂದಿ ಉಂಟು. ಅವರನ್ನು ಕುರಿತೇ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಹವ್ಯಾಸಿ ಬಾನುಲಿ, ಅಂದರೆ ಹ್ಯಾಂ ರೇಡಿಯೋ. ಕೇಂದ್ರ ಸರ್ಕಾರದವರು ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪರವಾನಗಿಯನ್ನೂ ವಿಯು ಎಂಬ ಅಕ್ಷರಗಳಿಂದ ಮೊದಲಾಗುವ ಒಂದು ಕರೆಹೆಸರನ್ನೂ ಪಡೆದ ವ್ಯಕ್ತಿ, ಲಾಭದ ಆಸೆಯಿಲ್ಲದೆ ತನ್ನ ಮನೆಯಿಂದಲೇ ಲೋಕದ ಇತರ ಹವ್ಯಾಸಿಗಳೊಡನೆ ಮಾತನಾಡುವ ವಿದ್ಯೆ ಇದು. ನಾನು ಕನ್ನಡ ಪಂಡಿತ, ವಿಜ್ಞಾನ ಓದಿದವನಲ್ಲ. ಐವತ್ತು ದಾಟಿದ ಮೇಲೆ ಈ ಪರೀಕ್ಷೆಗೆ ಕುಳಿತೆನೆಂದರೆ ಅದು ಎಂಥವರಿಗೂ ಸಾಧ್ಯವೆಂದು ನೀವು ಧೈರ್ಯ ತಾಳಬಹುದು.

ಎರಡು ವರ್ಷದ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೀಪಾವಳಿಗೆ ಊರಿಗೆ ಬಂದಿದ್ದ. ಬೆಂಗಳೂರಿನಲ್ಲಿ ಕೆಲಸ. ಹೊಸದಾಗಿ ಪರವಾನಗಿ ಪಡೆದು, ಅಂಗೈಯಗಲದ ಒಂದು ಕೈಯಂತ್ರವನ್ನು ಕೊಂಡಿದ್ದ. ಬೆಂಗಳೂರಿನಲ್ಲಿ ದಿನವೂ ಸಂಜೆ ನಾಲ್ಕಾರು ಗೆಳೆಯರೊಡನೆ ಅದರಲ್ಲಿ ಮಾತು. ಹಗರೆಗೆ ಬಂದು ಗುಂಡಿಯೊತ್ತಿದರೆ ಬರಿಯ ಸುಯ್ಯೆಂಬ ಸದ್ದು. ಎರಡು ದಿನ ಅಂಗಳದಲ್ಲಿ, ಮಾಳಿಗೆಯ ಮೇಲೆ ಅಲೆದು ಮೂರನೆಯ ದಿನ ನನ್ನಲ್ಲಿಗೆ ಬಂದ. “ಸಾರ್, ಈ ಊರಿನಲ್ಲಿ ರೇಡಿಯೋನೇ ಇಲ್ಲ. ಬೆಂಗಳೂರಿನಲ್ಲಿಯೂ ಅದೇ ಮಾತು ಕೇಳಿ ಬೇಜಾರಾಗಿದೆ. ಇದನ್ನು ಯಾರಿಗಾದರೂ ಮಾರಿಬಿಡುತ್ತೇನೆ” ಎಂದ.

ಪಾಪ, ಅವನ ತಪ್ಪಲ್ಲ. ಅವನು ಇದುವರೆಗೆ ಮಾತನಾಡುತ್ತಿದ್ದುದು ರಿಪೀಟರಿನ ಮೂಲಕ. ಅದೇನೆಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೈಯಂತ್ರದ ಅಲೆಗಳು ಬಹುಮಟ್ಟಿಗೆ ನೋಟದಂತೆ ನೇರವಾಗಿ ಹೋಗತಕ್ಕವು. ಭೂಮಿಯ ಉಬ್ಬು ಅಡ್ಡಬಂದರೆ ಅಲ್ಲಿಗೆ ಮುಗಿಯಿತು. ಅವು ಎಷ್ಟು ದೂರ ಹೋದಾವು ಎಂಬುದಕ್ಕೆ ಒಂದು ಸುಲಭವಾದ ಲೆಕ್ಕವುಂಟು. ಏರಿಯಲ್ ನೆಲದಿಂದ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು ನಾಲ್ಕರಿಂದ ಗುಣಿಸಿ. ಹೆಚ್ಚುಕಡಿಮೆ ಅಷ್ಟು ಕಿಲೋಮೀಟರ್ ದೂರಕ್ಕೆ ಅದರ ದಿಗಂತ. ಕೈಯಲ್ಲಿ ಹಿಡಿದ ಯಂತ್ರಕ್ಕೆ ಅದು ಐದು ಕಿಲೋಮೀಟರ್. ಮುಳ್ಳಯ್ಯನಗಿರಿಯಂಥ ಬೆಟ್ಟದ ನೆತ್ತಿಯಲ್ಲಿ, ಸುತ್ತಲ ಬಯಲಿಗಿಂತ ಸಾವಿರ ಮೀಟರ್ ಮೇಲೆ, ಒಂದು ಏರಿಯಲ್ ನಿಲ್ಲಿಸಿದರೆ ಅದರ ದಿಗಂತ ನೂರಿಪ್ಪತ್ತು ಕಿಲೋಮೀಟರಿಗೂ ಮಿಕ್ಕಿ ಹರಡುತ್ತದೆ. ಆದಕಾರಣ ಎತ್ತರದ ಕಟ್ಟಡದ ಮೇಲೋ ಬೆಟ್ಟದ ಮೇಲೋ ಒಂದು ಯಂತ್ರವನ್ನಿಟ್ಟು, ಅದು ಒಂದು ಆವರ್ತಾಂಕದಲ್ಲಿ ನಮ್ಮ ದನಿಯನ್ನು ಕೇಳಿ ಅದೇ ಕ್ಷಣದಲ್ಲಿ ಇನ್ನೊಂದು ಆವರ್ತಾಂಕದಲ್ಲಿ ಸಾರುವಂತೆ ಮಾಡುತ್ತಾರೆ. ಎರಡು ಮೀಟರ್ ಪಟ್ಟಿಯಲ್ಲಿ ಈ ಎರಡರ ನಡುವಣ ಅಂತರ ವಾಡಿಕೆಯಾಗಿ 600 ಕಿಲೋಹರ್ಟ್ಸ್. ಇದೇ ರಿಪೀಟರ್.

ಇದು ದೊಡ್ಡ ಉಪಕಾರವೇ ಸರಿ. ಹೊಸಬನಿಗೆ ಮಾತಿನ ಅಳುಕು ಹೋಗುವುದು ಅಲ್ಲಿಯೇ. ಕರೆಯುವ ಕ್ರಮ, ಓಗೊಡುವ ಮರ್ಯಾದೆ, ನಡುವೆ ಬಾಯಿಹಾಕದೆ ಕಾಯುವ ಸಂಯಮ, ಇವನ್ನೆಲ್ಲ ಕಲಿಯುವುದೂ ಅಲ್ಲಿಯೇ. ಆದರೆ ಬೆಟ್ಟ ಬೇರೆಯವರದು, ಯಂತ್ರ ಬೇರೆಯವರದು, ಅದಕ್ಕೆ ಕರೆಂಟು ಕೊಡುವವರೂ ಬೇರೆಯವರೇ. ನಮ್ಮದು ಗುಂಡಿಯೊತ್ತಿದ ಬೆರಳು ಮಾತ್ರ. ವಿದ್ಯೆ ಅಲ್ಲಿಗೇ ನಿಂತರೆ ಮೂರು ತಿಂಗಳಲ್ಲಿ ಬೇಸರ ಬರುವುದು ಸಹಜ. ಹೀಗೆ ಎಷ್ಟೋ ಕೈಯಂತ್ರಗಳು ಕಪಾಟು ಸೇರಿವೆ.

ನಾನು ಹುಡುಗನಿಗೆ ಹೇಳಿದೆ: “ಅಪ್ಪಾ, ಊರಿನಲ್ಲಿ ರೇಡಿಯೋ ಇಲ್ಲದೆ ಇಲ್ಲ, ನಿನಗೆ ಊರುಗೋಲು ಇಲ್ಲ, ಅಷ್ಟೆ. ನಿಮ್ಮ ತೋಟದಲ್ಲಿ ತೆಂಗಿನಮರ ಎಷ್ಟಿವೆ?”

ಅರಸೀಕೆರೆ, ಬೇಲೂರು ಕಡೆಯವರಿಗೆ ತೆಂಗಿನಮರವಿರುವಾಗ ಏರಿಯಲ್ಲಿಗೆ ಕಂಬ ಹುಡುಕುವ ಗೋಜೇಕೆ? ಏಳು ಮೆಗಾಹರ್ಟ್ಸಿನ ಪಟ್ಟಿಗೆ ಬೇಕಾದದ್ದು ಒಟ್ಟು ಇಪ್ಪತ್ತು ಮೀಟರ್ ತಂತಿ. ಹತ್ತು ಹತ್ತು ಮೀಟರಿನ ಎರಡು ತುಂಡು ಮಾಡಿ, ನಡುವೆ ಒಂದು ಅವಾಹಕದ ತುಂಡು ಕಟ್ಟಿ, ಅಲ್ಲಿಂದ ಕೇಬಲ್ಲನ್ನು ಇಳಿಬಿಟ್ಟು, ಎರಡು ತುದಿಗಳನ್ನು ನೈಲಾನ್ ಹಗ್ಗದಿಂದ ಎರಡು ಮರಗಳಿಗೆ ಎಳೆದು ಕಟ್ಟಿದರೆ ಏರಿಯಲ್ ಸಿದ್ಧ. ಹದಿನಾಲ್ಕು ಮೆಗಾಹರ್ಟ್ಸಿಗಾದರೆ ಇದರ ಅರ್ಧ ಸಾಕು. ವಿದ್ಯುತ್ ತಂತಿಯ ಹತ್ತಿರ ಮಾತ್ರ ಹೋಗಕೂಡದು. ಮುಂಗಾರಿನ ಮೋಡ ಕವಿಯುತ್ತಲೇ ಕೇಬಲ್ಲನ್ನು ಯಂತ್ರದಿಂದ ಕಳಚಿಡಬೇಕು. ಹುಡುಗನ ಕೈಯಂತ್ರ ಈ ಅಲೆಗಳಿಗೆ ಆಗಿಬರುವುದಲ್ಲ. ನನ್ನ ಹಳೆಯ ಯಂತ್ರವನ್ನೇ ಜೋಡಿಸಿದೆವು.

ಇಲ್ಲಿ ಕೇಳಿ, ಈ ವಿದ್ಯೆಯ ಸೊಗಸು. ಭೂಮಿಯ ಮೇಲೆ ಇನ್ನೂರೈವತ್ತರಿಂದ ನಾನೂರು ಕಿಲೋಮೀಟರ್ ಎತ್ತರದಲ್ಲಿ, ಸೂರ್ಯನ ಕಿರಣಗಳು ವಿರಳವಾದ ಗಾಳಿಯ ಕಣಗಳನ್ನು ಒಡೆದು ವಿದ್ಯುದಾವೇಶಗೊಳಿಸಿದ ಒಂದು ಪದರವುಂಟು. ನಮ್ಮ ತಂತಿಯಿಂದ ಮೇಲಕ್ಕೆ ಹೋದ ಅಲೆಯನ್ನು ಅದು ಬಾಗಿಸಿ ಮತ್ತೆ ನೆಲಕ್ಕೆ ಕಳುಹಿಸುತ್ತದೆ. ಅದಕ್ಕಿಂತ ಕೆಳಗೆ, ಅರುವತ್ತರಿಂದ ತೊಂಬತ್ತು ಕಿಲೋಮೀಟರಿನಲ್ಲಿ, ಇನ್ನೊಂದು ಪದರ ಹಗಲಿನಲ್ಲಿ ಮಾತ್ರ ಹುಟ್ಟಿ, ತಗ್ಗಿನ ಆವರ್ತಾಂಕದ ಅಲೆಗಳನ್ನು ನುಂಗುತ್ತದೆ, ಸಂಜೆಯಾಗುತ್ತಲೇ ಕರಗಿಹೋಗುತ್ತದೆ. ಹಗಲಿನಲ್ಲಿ ಕೇಳಿಸದ ದೂರದ ಮೀಡಿಯಂ ವೇವ್ ನಿಲಯಗಳು ರಾತ್ರಿ ಕೇಳಿಸುತ್ತಿದ್ದುದು ಹಿರಿಯ ಶ್ರೋತೃಗಳಿಗೆ ನೆನಪಿದೆಯಲ್ಲವೆ? ಅದಕ್ಕೆ ಕಾರಣ ಇದೇ. ಏಳು ಮೆಗಾಹರ್ಟ್ಸಿನಲ್ಲಿ ಹಗಲು ಹೊತ್ತು ನೆರೆಯ ರಾಜ್ಯಗಳು, ಇರುಳಾದಂತೆ ಇನ್ನೂ ದೂರದ ನಾಡುಗಳು; ಹದಿನಾಲ್ಕರಲ್ಲಿ ಕಾಲ ಕೂಡಿಬಂದರೆ ಯೂರೋಪು, ಜಪಾನು. ಈ ಪದರದ ಬಲವೂ ಸೂರ್ಯನ ಕಲೆಗಳನ್ನು ಅನುಸರಿಸಿ ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಯಾರ ಅಪ್ಪಣೆಯೂ ಬೇಕಿಲ್ಲದ ರಿಪೀಟರೊಂದು ಎಲ್ಲರ ತಲೆಯ ಮೇಲೂ ಇದೆ ಎಂದರೆ ತಪ್ಪಾಗದು.

ಮೊದಲ ಸಂಜೆ ಅವನು ಕರೆದ, ಯಾರೂ ಓಗೊಡಲಿಲ್ಲ. ಮುಖ ಸಣ್ಣದಾಯಿತು. ನಾನು ಮೊಟ್ಟಮೊದಲು ಕರೆದಾಗ ಮೂರು ಸಂಜೆ ಉತ್ತರವಿರಲಿಲ್ಲವೆಂದು ಹೇಳಿ ಸಮಾಧಾನ ಮಾಡಿದೆ. ಮರುದಿನ ಬೆಳಗ್ಗೆ, ಸುಯ್ಯೆನ್ನುವ ಸದ್ದಿನ ಒಳಗಿನಿಂದ ತೆಳ್ಳಗೆ ಒಂದು ದನಿ ಅವನ ಕರೆಹೆಸರನ್ನು ತಪ್ಪಿಲ್ಲದೆ ಹಿಂದಕ್ಕೆ ಹೇಳಿತು. ಹೈದರಾಬಾದಿನ ಕಡೆಯ ಯಾರೋ ಹಿರಿಯರು. ಎರಡು ನಿಮಿಷದ ಮಾತು. ನಿನ್ನ ದನಿ ಹೇಗಿದೆ, ಏರಿಯಲ್ ಯಾವುದು, ಊರು ಎಲ್ಲಿದೆ. “ಹಳೇಬೀಡಿನ ಹತ್ತಿರ” ಎಂದ ನಮ್ಮ ಹುಡುಗ. ಮಾತು ಮುಗಿದ ಮೇಲೆ ಎದ್ದುಹೋಗಿ ತೆಂಗಿನಮರದ ನಡುವಣ ಆ ತಂತಿಯನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದ. ತಾನೇ ಕಟ್ಟಿದ ತಂತಿ! ಯಂತ್ರ ಮಾರುವ ಮಾತು ಮತ್ತೆ ಬರಲಿಲ್ಲ.

ಮಾತು ಬೇಡವೆಂದರೆ ಮೋರ್ಸ್ ಸಂಕೇತವುಂಟು. ನನ್ನಂಥ ಪಂಡಿತನಿಗೆ ಇದು ಹಳೆಯ ನೆಂಟ. ಚುಕ್ಕೆಯನ್ನು ಲಘುವೆಂದೂ ಗೆರೆಯನ್ನು ಗುರುವೆಂದೂ ತಿಳಿಯಿರಿ. ಗುರುವಿಗೆ ಎರಡು ಮಾತ್ರೆ, ಮೋರ್ಸಿನ ಗೆರೆಗೆ ಚುಕ್ಕೆಯ ಮೂರರಷ್ಟು ಕಾಲ, ಭೇದ ಇಷ್ಟೆ. ಮೂರು ಮೂರು ಕುಳಗಳಿಂದಾದ ಇಂಗ್ಲಿಷಿನ ಅಕ್ಷರಗಳು ಅದರಲ್ಲಿ ಸರಿಯಾಗಿ ಎಂಟು. ನಮ್ಮ ಛಂದಸ್ಸಿನ ಅಕ್ಷರಗಣಗಳೂ ಎಂಟು. ಎಸ್ ಎಂಬುದು ನಗಣ, ಓ ಎಂಬುದು ಮಗಣ. ಡಿ ಭಗಣ, ಡಬ್ಲ್ಯು ಯಗಣ, ಆರ್ ಜಗಣ, ಕೆ ರಗಣ, ಯು ಸಗಣ, ಜಿ ತಗಣ. ಮುಳುಗುವ ಹಡಗಿನವರು ಕೂಗುತ್ತಿದ್ದ ಎಸ್‌ಓಎಸ್ ಎಂಬ ಮೊರೆ ನಗಣ, ಮಗಣ, ನಗಣವೇ ಅಲ್ಲವೆ! ಇದನ್ನು ಹೇಳಿಕೊಟ್ಟಾಗ ಗಣವೆಂದರೆ ಮೂಗುಮುರಿಯುತ್ತಿದ್ದ ನನ್ನ ತರಗತಿಯ ಮಕ್ಕಳೂ ಮೇಜು ಕುಟ್ಟತೊಡಗಿದರು. ಪ್ರಯೋಜನವೂ ಸಣ್ಣದಲ್ಲ. ದನಿ ಗದ್ದಲದಲ್ಲಿ ಮುಳುಗಿಹೋಗುವ ಕಡೆ ಐದು ವಾಟಿನ ಮೋರ್ಸ್ ದಾಟಿಹೋಗುತ್ತದೆ. ಗಣಕಯಂತ್ರದ ಒಲವಿರುವವರಿಗೆ 2017ರಲ್ಲಿ ಬಂದ ಎಫ್‌ಟಿ8 ಎಂಬ ವಿಧಾನವುಂಟು. ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದ ಜೋ ಟೇಲರ್ ಅದನ್ನು ರೂಪಿಸಿದವರಲ್ಲಿ ಒಬ್ಬರು. ಕಿವಿಗೆ ಕೇಳಿಸದಷ್ಟು ಕ್ಷೀಣವಾದ ಸಂಕೇತವನ್ನೂ ಅದು ಹೆಕ್ಕಿ ತೆಗೆಯುತ್ತದೆ.

ಇಷ್ಟೆಲ್ಲ ಶ್ರಮ ಏಕೆ, ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರವಾಗಿ ಒಂದು ಸಂಗತಿಯನ್ನು ನೆನೆಯೋಣ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಮಹಿಳೆಯ ಮುಂದಾಳುತನದಲ್ಲಿ ಹವ್ಯಾಸಿಗಳ ತಂಡವೊಂದು ಅಂಡಮಾನಿನ ಪೋರ್ಟ್ ಬ್ಲೇರಿಗೆ ಹೋಗಿತ್ತು. ಆ ದ್ವೀಪಗಳಿಂದ ಹವ್ಯಾಸಿ ದನಿ ಕೇಳಿ ಬಹಳ ವರ್ಷಗಳಾಗಿದ್ದುದರಿಂದ ಲೋಕದ ಹವ್ಯಾಸಿಗಳೆಲ್ಲ ಅವರೊಡನೆ ಒಂದು ಮಾತಿಗಾಗಿ ಕಾದಿದ್ದರು. ವಿನೋದಕ್ಕಾಗಿ, ಸಾಧನೆಗಾಗಿ ಹೋದ ತಂಡ ಅದು. 26ನೆಯ ತಾರೀಖು ಬೆಳಗ್ಗೆ ಭೂಮಿ ನಡುಗಿತು, ಸಮುದ್ರ ಉಕ್ಕಿತು, ದೂರವಾಣಿಗಳು ಮೂಕವಾದವು. ಆಗ ಆ ತಂಡದವರು ಆಟವನ್ನು ನಿಲ್ಲಿಸಿ, ಅದೇ ಯಂತ್ರ, ಅದೇ ಏರಿಯಲ್‌ಗಳಿಂದ, ಸಾವಿರದ ಇನ್ನೂರು ಕಿಲೋಮೀಟರಿಗೂ ಮಿಕ್ಕ ಸಮುದ್ರದಾಚೆಯ ನಮ್ಮ ನಾಡಿಗೆ ಸುದ್ದಿ ಮುಟ್ಟಿಸಿದರು. ಬದುಕಿರುವವರ ಕ್ಷೇಮವನ್ನು ಅವರ ಮನೆಯವರಿಗೆ ತಿಳಿಸಿದರು. ಅಂಥ ಕಡಲಿನ ನಡುವೆ ಯಾವ ಬೆಟ್ಟ, ಯಾವ ರಿಪೀಟರ್? ಆಕಾಶವೇ ಗತಿ. ಅಂದು ಆ ತಂಡ ರಿಪೀಟರಿನಾಚೆಯ ವಿದ್ಯೆಯನ್ನು ಅಭ್ಯಾಸ ಮಾಡಿರದಿದ್ದರೆ, ಪರವಾನಗಿಯ ಕಾಗದವಿದ್ದೂ ಸುಮ್ಮನೆ ಕುಳಿತಿರಬೇಕಾಗಿತ್ತು. ಆಪತ್ತು ಬಂದ ದಿನ ಕಲಿಯಲು ಹೊತ್ತಿರುವುದಿಲ್ಲ. ಬಾವಿ ತೋಡುವುದು ಬಾಯಾರಿಕೆಗಿಂತ ಮುಂಚೆ.

ಈ ಆಸಕ್ತಿ ನಮ್ಮ ನಾಡಿಗೆ ಹೊಸದೂ ಅಲ್ಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಅಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ವಿಠ್ಠಲ ವಿಹಾರ ಎಂಬ ಮನೆಯಿಂದ ಸ್ವಂತ ಪ್ರಯತ್ನದಿಂದ ಪ್ರಸಾರ ಆರಂಭಿಸಿದರು. ಯಂತ್ರದ ಶಕ್ತಿ ಮೂವತ್ತು ವಾಟ್.  ಆ ಮನೆಯ ನಿಲಯದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಮತ್ತೆ 2005ರ ಮೇ 5ರಂದು ನಮ್ಮ ಇಸ್ರೋದವರು ಹ್ಯಾಂಸ್ಯಾಟ್ ಎಂಬ, ನಲವತ್ತೆರಡೂವರೆ ಕಿಲೋಗ್ರಾಂ ತೂಕದ ಉಪಗ್ರಹವೊಂದನ್ನು ಹವ್ಯಾಸಿಗಳಿಗಾಗಿಯೇ ಹಾರಿಸಿದರು. 2014ರವರೆಗೆ, ಒಂಬತ್ತು ವರ್ಷಕ್ಕೂ ಮಿಕ್ಕಿ, ಅದು ದೇಶದೇಶಗಳ ಹವ್ಯಾಸಿಗಳ ದನಿಯನ್ನು ಹೊತ್ತಿತು. 2025ರ ಜುಲೈ ತಿಂಗಳಲ್ಲಿ ಶುಭಾಂಶು ಶುಕ್ಲಾ ಅವರು ಅಂತರಿಕ್ಷ ನಿಲ್ದಾಣದಿಂದ ಬೆಂಗಳೂರಿನ ವಿದ್ಯಾರ್ಥಿಗಳೊಡನೆ ಮಾತನಾಡಿದ್ದೂ ಹ್ಯಾಂ ರೇಡಿಯೋ ಮೂಲಕವೇ.

ಆದುದರಿಂದ ಹೊಸದಾಗಿ ಪರವಾನಗಿ ಪಡೆದ ಮಿತ್ರರಲ್ಲಿ ನನ್ನ ಬಿನ್ನಹ ಇಷ್ಟು. ರಿಪೀಟರನ್ನು ಬಿಡಬೇಡಿ, ಅಲ್ಲಿಯೇ ಮನೆಮಾಡಬೇಡಿ. ಮೊದಲು ನಿಮ್ಮ ಪರವಾನಗಿ ಪತ್ರವನ್ನು ಓದಿ, ಯಾವ ಪಟ್ಟಿಯಲ್ಲಿ ಎಷ್ಟು ವಾಟಿಗೆ ಅನುಮತಿಯಿದೆಯೆಂದು ತಿಳಿದುಕೊಳ್ಳಿ. ಬಳಿಕ ಕೈಯಂತ್ರದಿಂದಲೇ ಆರಂಭಿಸಿ. ರಜೆಯ ದಿನ ಒಬ್ಬರು ಹಳೇಬೀಡಿನ ಬಳಿಯ ಪುಷ್ಪಗಿರಿಯನ್ನು ಹತ್ತಿ, ಇನ್ನೊಬ್ಬರು ಅರಸೀಕೆರೆಯ ಮಾಲೇಕಲ್ಲು ತಿರುಪತಿಯ ಬೆಟ್ಟ ಹತ್ತಿ ನೇರವಾಗಿ ಕರೆದು ನೋಡಿ. ಇಬ್ಬರೂ ಬಯಲಿಗಿಂತ ನೂರು ನೂರು ಮೀಟರ್ ಮೇಲಿದ್ದು ನಡುವೆ ತಡೆಯಿಲ್ಲದಿದ್ದರೆ, ನಾನು ಹೇಳಿದ ಲೆಕ್ಕದಂತೆ ಎಂಬತ್ತು ಕಿಲೋಮೀಟರ್ ದೂರವನ್ನೂ ದಾಟಬಹುದು. ಅಂತರಿಕ್ಷ ನಿಲ್ದಾಣ ತಲೆಯ ಮೇಲೆ ಹಾಯುವ ಹತ್ತು ನಿಮಿಷ 145.800 ಮೆಗಾಹರ್ಟ್ಸಿಗೆ ಕಿವಿಗೊಡಿ. ಅನಂತರ ಒಂದು ತಂತಿ ಕಟ್ಟಿ. ಕೆಟ್ಟರೆ ಇಪ್ಪತ್ತು ಮೀಟರ್ ತಂತಿ ತಾನೆ? ಬಟ್ಟೆ ಒಣಗಿಸಲು ಆದೀತು.

ಕರೆದ ಕೂಡಲೇ ಉತ್ತರ ಬಾರದಿದ್ದರೆ ನೊಂದುಕೊಳ್ಳಬೇಡಿ. ಬರೆದಿಡಿ: ಇಂಥ ದಿನ, ಇಂಥ ವೇಳೆ, ಇಂಥ ಆವರ್ತಾಂಕ, ಉತ್ತರವಿಲ್ಲ. ಅದೂ ಒಂದು ಪಾಠವೇ. ನಾಳೆ ಒಂದು ಗಂಟೆ ಮುಂಚೆ ಕರೆಯಿರಿ, ತಂತಿಯನ್ನು ಒಂದು ಮೀಟರ್ ಮೇಲೆತ್ತಿ ಕರೆಯಿರಿ. ನಿಮ್ಮ ಹಾಗೆಯೇ ಎಲ್ಲೋ ಒಬ್ಬರು, ಯಾರ ದನಿ ಬಂದೀತೆಂದು ಆಲಿಸುತ್ತ ಕುಳಿತಿರುತ್ತಾರೆ.